ಬಂಕಿನ ಕೆಳಗಿನ ನೀರು: ಆರು ವರ್ಷ, ಹನ್ನೊಂದು ಫೈಲು, ಒಂದು ಕ್ಯಾಲೆಂಡರು

ಹೋದ ವಾರ ಪರಿಸರ ಕಚೇರಿಯ ಪತ್ರ ಕೈಗೆ ಬಂತು. ಒಂದೂವರೆ ಪುಟ. "ಸದರಿ ಸ್ಥಳದಲ್ಲಿ ಹೆಚ್ಚಿನ ಕ್ರಮದ ಅಗತ್ಯವಿರುವುದಿಲ್ಲ" ಎಂಬ ಒಂದೇ ಸಾಲಿಗಾಗಿ ಆರು ವರ್ಷ ನಾಲ್ಕು ತಿಂಗಳು ಕಾದಿದ್ದೆ. ನಾನು ಪೆಟ್ರೋಲ್ ಬಂಕ್ ನಡೆಸುವವನು, ವಿಜ್ಞಾನ ಓದಿದವನಲ್ಲ. ಬಂಕಿನ ಪೈಪು ಸೋರಿ, ನೆಲದಡಿಯ ನೀರು ಕೆಟ್ಟು, ಅದನ್ನು ಸರಿಮಾಡಿಸುವ ಕೆಲಸ ತಲೆಮೇಲೆ ಬಿದ್ದಾಗ ಯಾರನ್ನು ಏನು ಕೇಳಬೇಕು ಅನ್ನೋದೂ ಗೊತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಎಂಜಿನಿಯರುಗಳು ಎಂಜಿನಿಯರುಗಳಿಗಾಗಿ ಬರೆದದ್ದು. ಬಂಕ್ ಮಾಲೀಕನಿಗೆ ಗೊತ್ತಿರಬೇಕಾದದ್ದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಶುರುವಾದದ್ದು ಪಕ್ಕದ ಮನೆಯ ಬಾವಿಯಿಂದ. ಆ ಮನೆಯ ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಒಂದು ಸಂಜೆ ಆಫೀಸಿನ ಬಾಗಿಲಲ್ಲಿ ನಿಂತು, "ನೋಡಪ್ಪಾ, ನಿನ್ನ ಬಂಕಿನ ವಾಸನೆ ನಮ್ಮ ಬಾವಿಗೆ ಇಳಿದಿದೆ" ಎಂದರು. ಬಂಕಿನ ಪಕ್ಕ ಇದ್ದಮೇಲೆ ಗಾಳಿಯಲ್ಲಿ ವಾಸನೆ ಇದ್ದೇ ಇರುತ್ತದೆ ಅಮ್ಮ, ಬಾವಿಗೆಲ್ಲ ಹೋಗುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮುಚ್ಚಳವಿದ್ದ ಒಂದು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟರು. ರಾತ್ರಿ ಸೇದಿದ ನೀರು, ಅರ್ಧ ಡಬ್ಬಿ, ಬಿಗಿಯಾಗಿ ಮುಚ್ಚಿಟ್ಟದ್ದು. "ತೆಗೆದು ಮೂಸು" ಎಂದರು. ಮುಚ್ಚಳ ಎತ್ತಿದೆ. ಇಪ್ಪತ್ತೆರಡು ವರ್ಷದಿಂದ ಆ ವಾಸನೆಯಲ್ಲೇ ಬದುಕಿದ ನನಗೆ ಅದು ಯಾವುದೆಂದು ಯಾರೂ ಹೇಳಬೇಕಿರಲಿಲ್ಲ.

ಅವರು ಹೋದ ಮೇಲೆ ಡಿಪ್ ಪುಸ್ತಕ ತೆಗೆದೆ. ದಿನಾ ಬೆಳಿಗ್ಗೆ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ಬರೆಯುವ ಲೆಕ್ಕ ಅದು. ನಾನು ಕಳೆದುಕೊಂಡದ್ದೆಲ್ಲ ಆ ಪುಸ್ತಕದಲ್ಲೇ ಇತ್ತು, ನನ್ನದೇ ಕೈಬರಹದಲ್ಲಿ. ಮೈನಸ್ 14, ಮೈನಸ್ 22, ಮೈನಸ್ 19. ದಿನಕ್ಕೆ ಐದು ಸಾವಿರ ಲೀಟರ್ ಮಾರುವ ಕಡೆ ಇಪ್ಪತ್ತು ಲೀಟರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆವಿಯಾಗಿದೆ, ಬಿಸಿಲು ಹೆಚ್ಚು, ಟ್ಯಾಂಕರಿನವರು ಕಡಿಮೆ ಹಾಕಿರಬೇಕು ಎಂದು ದಿನಕ್ಕೊಂದು ಕಾರಣ ಕೊಟ್ಟುಕೊಂಡಿದ್ದೆ. ಕಾರಣಗಳು ಪೂರ್ತಿ ಸುಳ್ಳೂ ಅಲ್ಲ. ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಸಾವಿರ ಲೀಟರಿಗೆ ಸುಮಾರು ಒಂದು ಲೀಟರ್ ಕುಗ್ಗುತ್ತದೆ. ಹದಿನೈದು ಸಾವಿರ ಲೀಟರ್ ಇರುವ ಟ್ಯಾಂಕಿನಲ್ಲಿ ಹತ್ತು ಡಿಗ್ರಿ ಬದಲಾದರೆ ನೂರೈವತ್ತು ಲೀಟರ್ ಮಾಯವಾದಂತೆ ಕಾಣಬಹುದು. ಆದರೆ ಬಿಸಿ-ತಂಪಿನ ವ್ಯತ್ಯಾಸ ಎರಡೂ ಕಡೆ ವಾಲುತ್ತದೆ, ಒಂದು ದಿನ ಪ್ಲಸ್, ಒಂದು ದಿನ ಮೈನಸ್. ಸೋರಿಕೆ ಒಂದೇ ಕಡೆ ವಾಲುತ್ತದೆ. ಅವತ್ತು ರಾತ್ರಿ ಕುಳಿತು ಏಳು ತಿಂಗಳ ಕೂಡಿಸಿದೆ. ಸರಾಸರಿ ದಿನಕ್ಕೆ 18 ಲೀಟರ್, ಒಟ್ಟು ಸುಮಾರು 3,800 ಲೀಟರ್. ದಿನದ ವ್ಯತ್ಯಾಸ ನೋಡುವವರಿಗೆ ಇದು ಸಿಗುವುದಿಲ್ಲ. ತಿಂಗಳ ಕೊನೆಗೆ ಒಂದು ಅಡಿಗೆರೆ ಎಳೆದು ಮೊತ್ತ ಬರೆಯಿರಿ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು.

ಮೊದಲ ದಿನ ಮಾಡಬೇಕಾದದ್ದು ಮಾರಾಟ ನಿಲ್ಲಿಸಿ ಪರಿಸರ ಕಚೇರಿಗೆ, ಅಗ್ನಿಶಾಮಕದವರಿಗೆ, ತೈಲ ಕಂಪನಿಗೆ ತಿಳಿಸುವುದು. ನಾನು ಎರಡು ದಿನ ತಡ ಮಾಡಿದೆ. "ಮೊದಲು ನಾವೇ ನೋಡೋಣ, ಬರೆದುಕೊಟ್ಟರೆ ಸಿಕ್ಕಿಬಿದ್ದಂತೆ" ಎಂದು ಸಲಹೆ ಕೊಟ್ಟವರು ಇಬ್ಬರಿದ್ದರು. ಆ ಎರಡು ದಿನದ ಬಗ್ಗೆ ಮುಂದೆ ಎರಡು ವರ್ಷ ಉತ್ತರ ಕೊಡಬೇಕಾಯಿತು. ವಿಮೆಯವರು ಕೇಳಿದ ಮೊದಲ ಪ್ರಶ್ನೆಯೂ ಅದೇ. ಇನ್ನೊಂದು ಮಾತು, ನಿಮ್ಮ ಪಾಲಿಸಿಯಲ್ಲಿ "ದಿಢೀರ್ ಮಾಲಿನ್ಯ" ಎಂದಿದೆಯೋ, "ನಿಧಾನ ಮಾಲಿನ್ಯ"ವೂ ಸೇರಿದೆಯೋ ಈಗಲೇ ಓದಿಕೊಳ್ಳಿ. ಟ್ಯಾಂಕರ್ ಮಗುಚಿದರೆ ದುಡ್ಡು ಕೊಡುವ ಪಾಲಿಸಿ ಏಳು ತಿಂಗಳು ಹನಿಹನಿಯಾಗಿ ಸೋರಿದ್ದಕ್ಕೆ ಕೊಡದೆ ಇರಬಹುದು. ನನಗೆ ಕೊಡಲಿಲ್ಲ.

ಬಾವಿಯ ನೀರನ್ನು ಕುಡಿಯಬಾರದು ಅನ್ನೋದು ಎಲ್ಲರಿಗೂ ಹೊಳೆಯುತ್ತದೆ. ಕುದಿಸಿ ಕುಡಿದರೆ ಆಯಿತಲ್ಲ ಎಂದು ಅಮ್ಮನ ಮಗ ಕೇಳಿದರು. ಕುದಿಸಿದರೆ ನೀರಿನಲ್ಲಿದ್ದದ್ದು ಅಡುಗೆಮನೆಯ ಗಾಳಿಗೆ ಬರುತ್ತದೆ, ಅಷ್ಟೇ. ಬಿಸಿನೀರಿನ ಸ್ನಾನಕ್ಕೂ ಅದೇ ಮಾತು. ಅವರ ಮನೆಗೆ ಅವತ್ತಿನಿಂದಲೇ ಹೊರಗಿನ ನೀರು ತರಿಸಿಕೊಡಲು ಶುರು ಮಾಡಿದೆ. ಅದು ನಾಲ್ಕು ವರ್ಷ ನಿಲ್ಲಲಿಲ್ಲ. ಅಗ್ನಿಶಾಮಕದವರು ಸುತ್ತಲಿನ ಚರಂಡಿ, ಮ್ಯಾನ್‌ಹೋಲ್, ನೆಲಮಾಳಿಗೆಗಳಲ್ಲಿ ಗ್ಯಾಸ್ ಮೀಟರ್ ಇಳಿಸಿ ನೋಡಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೆ ಒಂದು ಕಿಡಿ ಸಾಕು. ನಮ್ಮ ಪುಣ್ಯಕ್ಕೆ ಎಲ್ಲೂ ಆ ಮಟ್ಟ ಇರಲಿಲ್ಲ.

ನಂತರ ಟ್ಯಾಂಕ್ ಪರೀಕ್ಷೆ. ಒತ್ತಡ ಕೊಟ್ಟು ನೋಡಿದರು, ಪಾಸಾಯಿತು. ಎಲ್ಲರ ಮುಖ ಸಡಿಲವಾಯಿತು. "ಹಳೆಯ ಸೋರಿಕೆ ಇರಬೇಕು, ನಿಮ್ಮದಲ್ಲ" ಎಂದೂ ಒಬ್ಬರು ಹೇಳಿದರು. ಮೂರು ವಾರ ಹಾಗೇ ಹೋಯಿತು. ಯಾರೂ ಕೇಳದೆ ಬಿಟ್ಟ ಪ್ರಶ್ನೆ, ಪೈಪ್‌ಲೈನ್ ಪರೀಕ್ಷೆ ಎಲ್ಲಿ? ನಮ್ಮದು ಟ್ಯಾಂಕಿನೊಳಗೇ ಮೋಟರ್ ಇರುವ ವ್ಯವಸ್ಥೆ. ಗ್ರಾಹಕ ನಾಝಲ್ ಎತ್ತಿದಾಗ ಮಾತ್ರ ಪೈಪಿಗೆ ಒತ್ತಡ ಬರುತ್ತದೆ. ಅಂದರೆ ವ್ಯಾಪಾರ ನಡೆದಾಗ ಮಾತ್ರ ಸೋರುತ್ತದೆ, ರಾತ್ರಿ ಸುಮ್ಮನಿರುತ್ತದೆ. ರಾತ್ರಿಯಿಂದ ಬೆಳಿಗ್ಗೆಗೆ ಡಿಪ್ ಯಾಕೆ ಸರಿಯಾಗಿರುತ್ತಿತ್ತು ಅನ್ನೋದು ಆಗ ತಿಳಿಯಿತು. ಪೈಪಿನ ಪರೀಕ್ಷೆ ಫೇಲಾಯಿತು. ಮೂರನೇ ಪಂಪಿನ ಕೆಳಗೆ ಅಗೆದಾಗ ಬಾಗುವ ಪೈಪು ಗಟ್ಟಿ ಪೈಪಿಗೆ ಕೂಡುವ ಜಾಗದಲ್ಲಿ ಒಂದು ಸೀಳು ಕಂಡಿತು. ಹೆಬ್ಬೆರಳ ಉಗುರಿನಷ್ಟೂ ಇರಲಿಲ್ಲ.

ಅಗೆದ ಮಣ್ಣಿನ ಕತೆ ಬೇರೆ. ವಾಸನೆ ಬರುವ ಮಣ್ಣನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ, ಅಪಾಯಕಾರಿ ತ್ಯಾಜ್ಯ ಎಂದು ಪರವಾನಗಿ ಇರುವವರಿಗೇ ತೂಕದ ಲೆಕ್ಕದಲ್ಲಿ ಕೊಡಬೇಕು. ಗುಡ್ಡೆ ಹಾಕಿ ಟಾರ್ಪಾಲು ಹೊದಿಸಿದ್ದೆವು. ಒಂದು ಮೂಲೆ ಗಾಳಿಗೆ ಹಾರಿ, ರಾತ್ರಿಯಿಡೀ ಮಳೆ ಸುರಿದು, ಬೆಳಿಗ್ಗೆ ಮಣ್ಣು ನೆಂದು ಮುದ್ದೆ. ನೆಂದ ಮಣ್ಣಿನ ತೂಕಕ್ಕೆ ದುಡ್ಡು ಕಟ್ಟಿದೆ, ಮಳೆನೀರಿಗೂ ಸೇರಿಸಿ. ಟಾರ್ಪಾಲಿನ ಮೇಲೆ ಹತ್ತು ಮೂಟೆ ಮರಳು ಇಟ್ಟಿದ್ದರೆ ಉಳಿಯುತ್ತಿತ್ತು. ಗುಡ್ಡೆಯ ಕೆಳಗೂ ಪ್ಲಾಸ್ಟಿಕ್ ಹಾಸಿ, ಇಲ್ಲದಿದ್ದರೆ ಅಗೆದು ತೆಗೆದದ್ದು ಮತ್ತೆ ನೆಲಕ್ಕೇ ಇಳಿಯುತ್ತದೆ.

ಇನ್ನು ನಿಗಾ ಬಾವಿಗಳು. ಬಾವಿ ಎಂದರೆ ದೊಡ್ಡದೇನಲ್ಲ, ನೆಲಕ್ಕೆ ಇಳಿಸಿದ ಎರಡಿಂಚಿನ ಪ್ಲಾಸ್ಟಿಕ್ ಪೈಪು. ಕೆಳಭಾಗದಲ್ಲಿ ಸಣ್ಣ ಸೀಳುಗಳಿರುತ್ತವೆ, ಸುತ್ತ ಮರಳು, ಅದರ ಮೇಲೆ ನೀರು ಕುಡಿದು ಉಬ್ಬುವ ಬೆಂಟೋನೈಟ್ ಜೇಡಿ, ಎಲ್ಲಕ್ಕಿಂತ ಮೇಲೆ ಬೀಗವಿರುವ ಮುಚ್ಚಳ. ಕನಿಷ್ಠ ಮೂರು ಬೇಕು, ಒಂದೇ ಸಾಲಿನಲ್ಲಲ್ಲ, ತ್ರಿಕೋನದಲ್ಲಿ. ಮೂರರ ನೀರಿನ ಮಟ್ಟ ಅಳೆದರೆ ನೆಲದಡಿಯ ನೀರು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯುತ್ತದೆ. ನಮ್ಮ ಜಾಗದ ಇಳಿಜಾರು ರಸ್ತೆಯ ಕಡೆಗಿದೆ. ನೀರು ಹೋಗುತ್ತಿದ್ದದ್ದು ಹಿಂದಕ್ಕೆ, ಅಮ್ಮನ ಬಾವಿಯ ಕಡೆಗೆ. ಅವರು ನೀರೆತ್ತಿದಷ್ಟೂ ನಮ್ಮ ಪೆಟ್ರೋಲನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು.

ಮೊದಲು ಕೊರೆದವರು ಅಗ್ಗದ ದರದವರು. ಅವರ ವರದಿ ನೋಡಿ ಸಂತೋಷಪಟ್ಟಿದ್ದೆ, "ತೇಲುವ ಇಂಧನ ಕಂಡುಬಂದಿಲ್ಲ" ಎಂದಿತ್ತು. ಕಚೇರಿಯ ಅಧಿಕಾರಿ ಬಾವಿಯ ನಕ್ಷೆ ಮೇಲೆ ಬೆರಳಿಟ್ಟು, "ಪೈಪಿನ ಸೀಳು ಎಷ್ಟು ಅಡಿಯಿಂದ ಶುರು? ನೀರು ಎಷ್ಟು ಅಡಿಯಲ್ಲಿದೆ?" ಎಂದು ಕೇಳಿದರು. ಸೀಳು 24 ಅಡಿಯಿಂದ, ನೀರು 19 ಅಡಿಯಲ್ಲಿ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ತಲೆಯ ಮೇಲೆ ತೇಲುತ್ತದೆ. ಸೀಳೆಲ್ಲ ನೀರಿನೊಳಗೆ ಮುಳುಗಿದ್ದರೆ ತೇಲುವ ಪೆಟ್ರೋಲ್ ಪೈಪಿನೊಳಗೆ ಬರುವುದು ಹೇಗೆ? ಕಿಟಕಿ ಇಲ್ಲದ ಕೋಣೆಯಲ್ಲಿ ನಿಂತು ಹೊರಗೆ ಯಾರೂ ಇಲ್ಲ ಎಂದಂತಾಗಿತ್ತು. ಮೂರನ್ನೂ ಮತ್ತೆ ಕೊರೆಸಿದೆ. ನೀರಿನ ಮಟ್ಟ ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ, ಮಳೆಗಾಲದಲ್ಲಿ ಎಷ್ಟು ಏರುತ್ತದೆ ಎಂದು ಕೇಳಿಕೊಂಡು, ಆ ಎರಡನ್ನೂ ಸೀಳಿನ ಭಾಗ ಒಳಗೊಳ್ಳುವಂತೆ ಹಾಕಿಸಬೇಕು. ಕೊರೆಯುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ಒಂದು ಪ್ರಶ್ನೆ ಕೇಳಿದರೂ ಸಾಕು, ಎದುರಿನವರ ಯೋಗ್ಯತೆ ಗೊತ್ತಾಗುತ್ತದೆ. ಮೊದಲ ಐದು ಅಡಿ ಕೈಯಿಂದಲೇ ಅಗೆಸಿ. ಬಂಕಿನ ನೆಲದಡಿ ಏನೇನು ಪೈಪು, ಕೇಬಲ್ ಇದೆ ಅನ್ನೋದು ನಕ್ಷೆಯಲ್ಲಿ ಇರುವಂತೆ ನೆಲದಲ್ಲಿ ಇರುವುದಿಲ್ಲ.

ಎರಡನೇ ಸಲ ಕೊರೆದಾಗ ನಿಜ ಕಂಡಿತು. ಎರಡನೇ ಬಾವಿಯಲ್ಲಿ ನೀರಿನ ಮೇಲೆ 11 ಇಂಚು ಪೆಟ್ರೋಲ್. ನನಗೆ ಕೈಕಾಲು ತಣ್ಣಗಾಯಿತು, ಇಡೀ ಜಾಗದಡಿ ಒಂದು ಅಡಿ ಪೆಟ್ರೋಲ್ ಕೆರೆ ಇದೆ ಎಂದುಕೊಂಡೆ. ಹಾಗಲ್ಲವಂತೆ. ಮಣ್ಣಿನ ಸಂದಿಗಳಲ್ಲಿ ಇರುವುದಕ್ಕಿಂತ ಪೈಪಿನೊಳಗೆ ಪದರ ದಪ್ಪವಾಗಿ ಕಾಣುತ್ತದೆ. ಹೆದರಿಸಿದ್ದು ಇನ್ನೊಂದು ಅಂಕಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ರಾಸಾಯನಿಕ ನೀರಿನಲ್ಲಿ ಕರಗಿದ್ದದ್ದು ಲೀಟರಿಗೆ 8,400 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 10. ಅಮೆರಿಕದ ಮಿತಿ ಇನ್ನೂ ಕಡಿಮೆ, 5. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನೋದರಲ್ಲಿ ಅನುಮಾನ ಇಲ್ಲದ ಕಾರಣ ಇಷ್ಟು ಬಿಗಿ. ರಾತ್ರಿ ನಿದ್ದೆ ಬರದೆ ಕ್ಯಾಲ್ಕ್ಯುಲೇಟರ್ ಒತ್ತಿದೆ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ, ಅದರಲ್ಲಿ ಶೇ. 1 ಬೆಂಜೀನ್ ಎಂದರೆ 7 ಗ್ರಾಂ ಚಿಲ್ಲರೆ. ಅಷ್ಟು ಸಾಕು, 7 ಲಕ್ಷ ಲೀಟರ್ ನೀರನ್ನು ಮಿತಿಗೆ ತಂದು ಮುಟ್ಟಿಸಲು. ನನ್ನದು ಸೋರಿದ್ದು 3,800 ಲೀಟರ್. ಗುಣಿಸದೆ ಕ್ಯಾಲ್ಕ್ಯುಲೇಟರ್ ಮುಚ್ಚಿಟ್ಟೆ.

ಇಲ್ಲಿಗೆ ಅಮ್ಮ ಮತ್ತೆ ಬರುತ್ತಾರೆ. ಅವರ ಹಿತ್ತಲಲ್ಲೂ ಒಂದು ನಿಗಾ ಬಾವಿ ಬೇಕಿತ್ತು, ಮಾಲಿನ್ಯ ಎಲ್ಲಿಗೆ ಕೊನೆಯಾಗುತ್ತದೆ ಎಂದು ತೋರಿಸಲು. ಬೇರೆಯವರ ಜಾಗದಲ್ಲಿ ಕೊರೆಯಲು ಬರಹದಲ್ಲಿ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ನಾನು ಹುಡುಗನ ಕೈಲಿ ಕಳಿಸಿದೆ. ಸಹಿ ಇಲ್ಲದೆ ವಾಪಸು ಬಂತು. ಎರಡು ತಿಂಗಳು ವಕೀಲರ ಕೈಲಿ ಬರೆಸಿದೆ, ಏನೂ ಆಗಲಿಲ್ಲ. ಕೊನೆಗೆ ನಾನೇ ಹೋದೆ. "ಮೊದಲ ದಿನವೇ ನೀನು ಬಂದಿದ್ದರೆ ಅವತ್ತೇ ಹಾಕುತ್ತಿದ್ದೆ" ಎಂದರು. ಒಂದು ಷರತ್ತಿಟ್ಟರು. ಪ್ರತಿ ವರದಿ ಬಂದಾಗ ನಾನೇ ಬಂದು ಅಂಕಿ ಓದಿ ಹೇಳಬೇಕು, ತಿಳಿಯುವ ಮಾತಿನಲ್ಲಿ. ಮೈಕ್ರೋಗ್ರಾಂ ಎಂದರೇನು ಎಂದು ಕೇಳಿದರು. ಹತ್ತು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ ಹಾಕಿದರೆ ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದೆ. ಪ್ರತಿ ಸಲ ನಾನು ಓದಿ ಹೇಳಿದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಅವರ ಹಿತ್ತಲ ಬಾವಿಯ ಮೊದಲ ಅಂಕಿ 1,150.

ಸ್ಯಾಂಪಲ್ ತೆಗೆಯುವುದು ನೋಡಲು ಸುಲಭ, ಕೆಡಿಸುವುದು ಇನ್ನೂ ಸುಲಭ. 40 ಮಿಲಿಲೀಟರಿನ ಗಾಜಿನ ಸೀಸೆಗೆ ಒಂದೇ ಒಂದು ಗುಳ್ಳೆಯೂ ಇಲ್ಲದಂತೆ ತುಂಬಬೇಕು. ಬೆಂಜೀನ್ ಹಾರುವ ಪದಾರ್ಥ, ಗುಳ್ಳೆ ಇದ್ದರೆ ಅದಕ್ಕೆ ಸೇರಿಕೊಳ್ಳುತ್ತದೆ, ಅಂಕಿ ಸುಳ್ಳು ಹೇಳುತ್ತದೆ. ಸೀಸೆಯಲ್ಲಿ ಮೊದಲೇ ತುಸು ಆಮ್ಲ ಇರುತ್ತದೆ, ದಾರಿಯಲ್ಲಿ ಸೂಕ್ಷ್ಮಜೀವಿಗಳು ತಿಂದು ಮುಗಿಸದಿರಲಿ ಎಂದು. ಹಾಗಾಗಿ ತುಂಬಿ ಚೆಲ್ಲಬಾರದು. ಐಸಿನಲ್ಲಿಟ್ಟು ಕಳಿಸಿ 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಜೊತೆಗೆ ಲ್ಯಾಬಿನಿಂದಲೇ ಶುದ್ಧ ನೀರು ತುಂಬಿದ ಒಂದು ಸೀಸೆ ಬಂದು, ತೆರೆಯದೆ ವಾಪಸು ಹೋಗುತ್ತದೆ. ಅದರಲ್ಲಿ ಏನಾದರೂ ಕಂಡರೆ ದಾರಿಯಲ್ಲೇ ಕೆಟ್ಟಿದೆ ಎಂದರ್ಥ. ನಮ್ಮ ಐದನೇ ಸುತ್ತಿನಲ್ಲಿ ಅದೇ ಆಯಿತು. ಸ್ಯಾಂಪಲ್ ಪೆಟ್ಟಿಗೆ ಇಟ್ಟ ವ್ಯಾನಿನಲ್ಲೇ ಜನರೇಟರಿಗೆಂದು ಒಂದು ಕ್ಯಾನ್ ಪೆಟ್ರೋಲ್ ಇಟ್ಟಿದ್ದರು. ಆ ಮೂರು ತಿಂಗಳ ಲೆಕ್ಕ ಪೂರ್ತಿ ತಿಪ್ಪೆಗೆ. ಸ್ಯಾಂಪಲ್ ತೆಗೆಯುವವರು ಅವತ್ತು ಗಾಡಿಗೆ ಪೆಟ್ರೋಲ್ ಹಾಕಿಸಿ ಅದೇ ಕೈಯಲ್ಲಿ ಬರದಿರಲಿ. ಬಂಕಿನಲ್ಲಿ ಇದನ್ನು ಹೇಳುವುದು ತಮಾಷೆ ಅನಿಸಿದರೂ ನಿಂತು ಹೇಳಿ.

ಶುದ್ಧೀಕರಣದ ವಿಷಯಕ್ಕೆ ಬಂದರೆ, ಮೊದಲು ತೇಲುವ ಪೆಟ್ರೋಲ್ ತೆಗೆಯಬೇಕು. ಅದಿರುವಾಗಲೇ ನೀರಿಗೆ ಗಾಳಿ ಊದಿದರೆ ಅದು ಆಚೀಚೆ ಹರಡುತ್ತದೆ. ನೀರಿನ ಮೇಲಿನ ಪದರವನ್ನಷ್ಟೇ ಹೀರುವ ಸಣ್ಣ ಪಂಪು ಇಳಿಸಿದರು. ಮೊದಲ ತಿಂಗಳು 260 ಲೀಟರ್, ಎರಡನೆಯದು 90, ಆಮೇಲೆ ಲೋಟದ ಲೆಕ್ಕ. ಒಟ್ಟು 410 ಲೀಟರಿಗೆ ನಿಂತಿತು. ಉಳಿದದ್ದೆಲ್ಲಿ ಎಂದರೆ ಮಣ್ಣಿನ ಕಣಗಳಿಗೆ ಅಂಟಿಕೊಂಡಿದೆ, ಎಣ್ಣೆ ಪಾತ್ರೆಯನ್ನು ಬಗ್ಗಿಸಿದ ಮೇಲೂ ಉಳಿಯುವ ಜಿಡ್ಡಿನ ಹಾಗೆ. ಅದನ್ನು ಪಂಪು ಎತ್ತುವುದಿಲ್ಲ. ಅದಕ್ಕೆ ನೀರಿನ ಮೇಲಿನ ಒಣಮಣ್ಣಿನಿಂದ ಬ್ಲೋವರ್ ಹಾಕಿ ಆವಿ ಎಳೆದರು, ನೀರಿನ ಕೆಳಗಿನಿಂದ ಕಂಪ್ರೆಸರಿನಲ್ಲಿ ಗಾಳಿ ಊದಿದರು. ಎಳೆದ ಆವಿ ಸಕ್ರಿಯ ಇದ್ದಿಲಿನ ಡ್ರಮ್ಮುಗಳ ಮೂಲಕ ಹೊರಗೆ. ಮೊದಲ ಮೂರು ತಿಂಗಳಲ್ಲಿ ಪಂಪಿನಲ್ಲಿ ಬಂದದ್ದಕ್ಕಿಂತ ಹಲವು ಪಟ್ಟು ಪೆಟ್ರೋಲ್ ಆವಿಯಾಗಿ ಬಂತು. ಇದ್ದಿಲು ತುಂಬಿ ತುಂಬಿ ವಾರಕ್ಕೊಮ್ಮೆ ಡ್ರಮ್ಮು ಬದಲು.

ಗಾಳಿ ಊದುವುದರ ಇನ್ನೊಂದು ಉದ್ದೇಶ ನನಗೆ ಬಹಳ ಹಿಡಿಸಿತು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಬೆಂಜೀನನ್ನು ತಿನ್ನುತ್ತವೆ, ಆದರೆ ಒಂದು ಮಿಲಿಗ್ರಾಂ ತಿನ್ನಲು ಮೂರು ಮಿಲಿಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ನೀರು ಹೆಚ್ಚೆಂದರೆ 8-9 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ಮೂರು ತುತ್ತಿಗೆ ಉಸಿರು ಮುಗಿಯಿತು. ಅದಕ್ಕೇ ನಾವು ಹೊರಗಿನಿಂದ ಉಸಿರು ಕೊಡುವುದು. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಇನ್ನೊಂದು ತೊಡಕಿದೆ. ಅವು ಮೊದಲು ಎಥನಾಲ್ ತಿಂದು ಆಮ್ಲಜನಕ ಖಾಲಿ ಮಾಡಿಬಿಡುತ್ತವೆ, ಬೆಂಜೀನ್ ಹಾಗೇ ಉಳಿದು ಮುಂದಕ್ಕೆ ಸಾಗುತ್ತದೆ. ನಮ್ಮ ನೀರಿನಲ್ಲಿ ಕಬ್ಬಿಣವೂ ಹೆಚ್ಚಿತ್ತು. ಗಾಳಿ ತಗುಲಿದ ಕೂಡಲೇ ತುಕ್ಕಾಗಿ ಪೈಪಿನ ಸೀಳಿಗೆಲ್ಲ ಕೆಂಪು ರಾಡಿ ಮೆತ್ತಿಕೊಂಡಿತು. ಎಂಟು ವಾರಕ್ಕೊಮ್ಮೆ ತೊಳೆಸಬೇಕಾಯಿತು. ನೀರಿನಲ್ಲಿ ಕಬ್ಬಿಣ ಎಷ್ಟಿದೆ ಎಂಬ ಅಗ್ಗದ ಪರೀಕ್ಷೆಯನ್ನು ಯಂತ್ರ ತರಿಸುವ ಮುಂಚೆ ಮಾಡಿಸಿ. ಬ್ಲೋವರಿನ ಸದ್ದು ಹಗಲು ಕೇಳಿಸುವುದಿಲ್ಲ, ರಾತ್ರಿ ಹತ್ತರ ಮೇಲೆ ಇಡೀ ಬೀದಿಗೆ ಕೇಳಿಸುತ್ತದೆ. ಸದ್ದು ತಡೆಯುವ ಗೂಡು ಕಟ್ಟಿಸಿದ್ದು ದೂರು ಬಂದ ಮೇಲೆ.

ಎರಡನೇ ವರ್ಷದ ಕೊನೆಗೆ ಎಂಥ ಅಂಕಿಗಳು ಬಂದವು ಅಂತೀರಿ! ಎರಡನೇ ಬಾವಿ 40, ಅಮ್ಮನ ಹಿತ್ತಲು 12. ಯಂತ್ರ ನಿಲ್ಲಿಸಿದೆವು. ಅವತ್ತು ಬಂಕಿನ ಹುಡುಗರಿಗೆಲ್ಲ ಊಟ ಹಾಕಿಸಿದೆ. ಮೂರು ತಿಂಗಳ ನಂತರದ ವರದಿಯಲ್ಲಿ ಅಮ್ಮನ ಹಿತ್ತಲ ಅಂಕಿ 0.62. ಓಡಿಕೊಂಡು ಹೋಗಿ ಹೇಳಿದೆ, "ಅಮ್ಮ, ಒಂದಕ್ಕಿಂತಲೂ ಕಡಿಮೆ!" ಅವರು ಕನ್ನಡಕ ಹಾಕಿಕೊಂಡು ಹಳೆಯ ತಿಂಗಳುಗಳನ್ನು ಮಗುಚಿದರು. "ಇಷ್ಟು ದಿನ ಚುಕ್ಕಿ ಇರಲಿಲ್ಲವಲ್ಲಪ್ಪಾ, ಈ ಸಲ ಯಾಕೆ ಚುಕ್ಕಿ?" ಎಂದರು. ಕಾಗದ ಮತ್ತೆ ನೋಡಿದೆ. ಲ್ಯಾಬಿನವರು ಆ ಸಲ ಮಿಲಿಗ್ರಾಂನಲ್ಲಿ ಬರೆದಿದ್ದರು. 0.62 ಮಿಲಿಗ್ರಾಂ ಎಂದರೆ 620 ಮೈಕ್ರೋಗ್ರಾಂ. ನನ್ನ ಸಲಹೆಗಾರರ ಟೇಬಲ್ಲಿನಲ್ಲೂ ಅದು 0.62 ಎಂದೇ ಏರಿ ಕುಳಿತಿತ್ತು. ಇಬ್ಬರು ಎಂಜಿನಿಯರು, ಒಬ್ಬ ಮಾಲೀಕ ಸಹಿ ಹಾಕಿ ದಾಟಿಸಿದ್ದನ್ನು ಕ್ಯಾಲೆಂಡರು ಹಿಡಿಯಿತು. ಬಂದ ವರದಿಯಲ್ಲಿ ಮೊದಲು ಮಾನ ನೋಡಿ, ಆಮೇಲೆ ಅಂಕಿ. ಲ್ಯಾಬಿನ ಮೂಲ ವರದಿ ಸಲಹೆಗಾರರಿಗಷ್ಟೇ ಅಲ್ಲ, ನೇರ ನಿಮಗೂ ಬರಬೇಕು ಎಂದು ಒಪ್ಪಂದದಲ್ಲೇ ಬರೆಸಿ.

ಮಾನದ ತಪ್ಪು ಸರಿಹೋಯಿತು, 620 ಮಾತ್ರ ನಿಜವೇ. ಆ ಮಳೆಗಾಲ ಜೋರಾಗಿತ್ತು, ನೀರು ನಾಲ್ಕು ಅಡಿ ಏರಿತ್ತು. ಬೇಸಿಗೆಯಲ್ಲಿ ನೀರಿನ ಜೊತೆ ಇಳಿದ ಪೆಟ್ರೋಲ್ ಮಣ್ಣಿಗೆ ಮೆತ್ತಿಕೊಂಡಿರುತ್ತದೆ, ನೀರು ಏರಿದಾಗ ಅದನ್ನೆಲ್ಲ ಮತ್ತೆ ತೊಳೆದು ಕರಗಿಸಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿದ ಮೇಲೆ ಅಂಕಿ ಹೀಗೆ ಮೇಲೇಳುವುದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಆ ತಿಂಗಳು ಬಂಕನ್ನು ಮಾರಿಬಿಡುವ ಯೋಚನೆ ಬಂತು. ಕೊಳ್ಳಲು ಬಂದವರು ಮೊದಲು ಕೇಳಿದ್ದೇ ನೀರಿನ ವರದಿ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಮನೆಯಲ್ಲಿ ಮಾತು ಕಡಿಮೆಯಾಯಿತು. ಹೆಂಡತಿ ಒಂದು ದಿನ, "ನೀವು ಫೈಲಿನ ಜೊತೆ ಮಾತಾಡಿದಷ್ಟು ನಮ್ಮ ಜೊತೆ ಆಡುವುದಿಲ್ಲ" ಎಂದಳು. ಸುಳ್ಳಲ್ಲ.

ಮತ್ತೆ ಹದಿನಾರು ತಿಂಗಳು ಯಂತ್ರ ಓಡಿತು. ಈ ಸಲ ಒಂದು ವಾರ ಚಾಲೂ, ಒಂದು ವಾರ ಬಂದ್. ಹಾಗೆ ಬಿಟ್ಟು ಬಿಟ್ಟು ಓಡಿಸಿದರೆ ಬಂದ್ ಇದ್ದಾಗ ಮಣ್ಣಿನ ಮೂಲೆಗಳಿಂದ ಆವಿ ಹೊರಬಂದು ನಿಲ್ಲುತ್ತದೆ, ಮತ್ತೆ ಎಳೆದಾಗ ಹೆಚ್ಚು ಸಿಗುತ್ತದೆ, ಕರೆಂಟೂ ಉಳಿಯುತ್ತದೆ. ಆಮೇಲೆ ಪೂರ್ತಿ ನಿಲ್ಲಿಸಿ, ಉಳಿದದ್ದನ್ನು ಸೂಕ್ಷ್ಮಜೀವಿಗಳಿಗೆ ಬಿಟ್ಟು, ಮೂರು ತಿಂಗಳಿಗೊಮ್ಮೆ ಅಳೆಯುತ್ತ ಕೂತೆವು. ಆಗ ಬೆಂಜೀನ್ ಒಂದನ್ನೇ ಅಲ್ಲ, ಆಮ್ಲಜನಕ, ನೈಟ್ರೇಟ್, ಸಲ್ಫೇಟ್, ಕಬ್ಬಿಣ, ಮೀಥೇನ್ ಕೂಡ ಅಳೆಯುತ್ತಾರೆ. ಜೀವಿಗಳು ನಿಜವಾಗಿ ತಿನ್ನುತ್ತಿವೆಯೋ ಅಥವಾ ಮಾಲಿನ್ಯ ಸುಮ್ಮನೆ ತೆಳುವಾಗುತ್ತಿದೆಯೋ ಎಂದು ತಿಳಿಯುವುದು ಇವುಗಳಿಂದ. ಇದು ಅತ್ಯಂತ ಅಗ್ಗದ ಹಂತ, ಅತ್ಯಂತ ಬೇಸರದ್ದೂ ಹೌದು. ಮಾಡಲು ಏನೂ ಇರುವುದಿಲ್ಲ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಪ್ರತಿ ಜಾಗಕ್ಕೂ ಬೇರೆಯಾದ್ದರಿಂದ ನನ್ನ ಮೊತ್ತ ನಿಮಗೆ ಉಪಯೋಗವಿಲ್ಲ, ಹಂಚಿಕೆ ಹೇಳುತ್ತೇನೆ. ಒಟ್ಟು ನೂರು ಎಂದುಕೊಂಡರೆ ಯಂತ್ರ, ಕರೆಂಟು, ಇದ್ದಿಲು ಸೇರಿ 38. ಮಣ್ಣು ತೆಗೆದು ಸಾಗಿಸಿದ್ದು 17. ಬಾವಿ ಕೊರೆದದ್ದು 12, ಅದರಲ್ಲಿ ಮೂರನೇ ಒಂದು ಭಾಗ ಮೊದಲ ತಪ್ಪು ಬಾವಿಗಳದ್ದು. ಲ್ಯಾಬು 14. ಸಲಹೆಗಾರರು, ವಕೀಲರು 13. ಅಮ್ಮನ ಮನೆಗೆ ನೀರು 6. ಸೋರುತ್ತಿದ್ದ ಪೈಪಿನ ಆ ಜೋಡಣೆ ಬದಲಿಸಿದ್ದು ಈ ನೂರರಲ್ಲಿ ಒಂದೂ ಅಲ್ಲ. ಬಂಕ್ ಮುಚ್ಚಿದ್ದ ದಿನಗಳ ನಷ್ಟ ಇದರಲ್ಲಿ ಸೇರಿಲ್ಲ. ಮಧ್ಯದಲ್ಲಿ ಸಲಹೆಗಾರರನ್ನು ಬದಲಿಸುವುದಾದರೆ ಹಳೆಯ ಮಾಹಿತಿಯೆಲ್ಲ ನಿಮ್ಮದು ಎಂದು ಮೊದಲೇ ಬರೆಸಿಕೊಂಡಿರಿ. ಇಲ್ಲದಿದ್ದರೆ ನಿಮ್ಮದೇ ಅಂಕಿಗಳನ್ನು ದುಡ್ಡು ಕೊಟ್ಟು ವಾಪಸು ಕೊಳ್ಳಬೇಕಾದೀತು.

ಕಡತ ಮುಗಿಸಲು ಕಚೇರಿ ಕೇಳಿದ್ದು ಸತತ ನಾಲ್ಕು ತ್ರೈಮಾಸಿಕ ಮಿತಿಯೊಳಗಿನ ಅಂಕಿ, ನೀರು ಅತಿ ಮೇಲಿರುವ ಕಾಲವೂ ಅತಿ ಕೆಳಗಿರುವ ಕಾಲವೂ ಅದರಲ್ಲಿ ಬರಬೇಕು. ಮೂರು ಸರಿಯಾಗಿ ಬಂದು ನಾಲ್ಕನೆಯದರಲ್ಲಿ ಒಂದು ಬಾವಿ 13 ತೋರಿಸಿತು. ಎಣಿಕೆ ಮತ್ತೆ ಒಂದರಿಂದ. ಅದೊಂದು ವರ್ಷ ಹೋಯಿತು. ಎರಡನೇ ಸುತ್ತಿನ ನಾಲ್ಕು ವರದಿಯಲ್ಲಿ ಅಮ್ಮನ ಹಿತ್ತಲಿನ ಅಂಕಿ 7, 4, 5, 3.

ಪತ್ರ ಬಂದ ಮೇಲೂ ಕೆಲಸ ಉಳಿದಿರುತ್ತದೆ. ನಿಗಾ ಬಾವಿಗಳನ್ನು ಹಾಗೇ ಬಿಡುವಂತಿಲ್ಲ, ತೆರೆದ ಪೈಪು ಎಂದರೆ ಮುಂದಿನ ಮಾಲಿನ್ಯಕ್ಕೆ ನೇರ ದಾರಿ. ಸಿಮೆಂಟು-ಬೆಂಟೋನೈಟ್ ಕಲಸಿ ತಳದಿಂದ ಮೇಲಕ್ಕೆ ತುಂಬಿಸಬೇಕು, ಮೇಲಿನಿಂದ ಸುರಿದರೆ ನಡುವೆ ಪೊಳ್ಳು ಉಳಿಯುತ್ತದೆ. ತುಂಬಿಸಿದ್ದಕ್ಕೂ ಪ್ರಮಾಣಪತ್ರ ಪಡೆಯಿರಿ. ಹನ್ನೊಂದು ಫೈಲುಗಳನ್ನೂ ಇಟ್ಟುಕೊಂಡಿದ್ದೇನೆ. ಮುಂದೆ ಸಾಲಕ್ಕೆ ಹೋದರೂ, ಜಾಗ ಮಾರಿದರೂ, ಇನ್ನೊಂದು ಟ್ಯಾಂಕಿಗೆ ಅಗೆದರೂ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮೊನ್ನೆ ಅಮ್ಮನ ಹಿತ್ತಲ ಪೈಪಿಗೆ ಸಿಮೆಂಟು ತುಂಬಿಸಿದರು. ಅವರು ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು. ಪತ್ರವನ್ನು ಪೂರ್ತಿ ಓದಿ ಹೇಳಿದೆ, ಅವರ ಬಾವಿಯ ಕೊನೆಯ ಪರೀಕ್ಷೆಯಲ್ಲಿ ಬೆಂಜೀನ್ ಪತ್ತೆಯೇ ಆಗಿಲ್ಲ ಅನ್ನೋದನ್ನೂ. ಮೂಗಿಗೆ ಗೊತ್ತಾಗುವುದಕ್ಕಿಂತ ಬಹಳ ಕಡಿಮೆ ಮಟ್ಟದಲ್ಲೇ ಬೆಂಜೀನ್ ಕೆಡುಕು ಮಾಡುತ್ತದೆ, ವಾಸನೆ ಇಲ್ಲ ಎಂದಮಾತ್ರಕ್ಕೆ ನೀರು ಒಳ್ಳೆಯದಲ್ಲ ಎಂದು ಈ ಆರು ವರ್ಷದಲ್ಲಿ ನಾನೇ ಅವರಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೂ ಆ ಸಂಜೆ ಬಾವಿಯಿಂದ ನೀರು ಸೇದಿಸಿ ಅದೇ ಸ್ಟೀಲ್ ಡಬ್ಬಿಗೆ ಅರ್ಧ ತುಂಬಿ ಮುಚ್ಚಿಟ್ಟರು. ಬೆಳಿಗ್ಗೆ ನನ್ನನ್ನು ಕರೆಸಿ ಎದುರಿಗೇ ಮುಚ್ಚಳ ತೆಗೆದು ಮೂಸಿದರು.

"ಇವತ್ತಿಗೆ ಏನಿಲ್ಲ" ಎಂದರು. "ಮಳೆ ಬಂದ ಮೇಲೆ ಇನ್ನೊಂದು ಸಲ ನೋಡ್ತೀನಿ."